ಐದು ಗುಳಿಗೆ, ಒಂದೂ ಮಾತಿಲ್ಲ

ಪೊಟ್ಟಣದಲ್ಲಿರುವುದು ಐದೇ ಗುಳಿಗೆ. ಮೊದಲ ದಿನ ನುಂಗುವುದು ಒಂದು, ಮಿಫೆಪ್ರಿಸ್ಟೋನ್. ಬಸಿರನ್ನು ಹಿಡಿದು ನಿಲ್ಲಿಸಿರುವ ಪ್ರೊಜೆಸ್ಟೆರಾನ್ ಹಾರ್ಮೋನಿನ ಕೆಲಸಕ್ಕೆ ಅದು ತಡೆಯೊಡ್ಡುತ್ತದೆ. ಒಂದೆರಡು ದಿನ ಬಿಟ್ಟು ಉಳಿದ ನಾಲ್ಕು, ಮಿಸೊಪ್ರೊಸ್ಟಾಲ್. ಅವು ಗರ್ಭಕೋಶವನ್ನು ಹಿಂಡಿ ಒಳಗಿದ್ದದ್ದನ್ನು ಹೊರಗೆ ಹಾಕುತ್ತವೆ. ಒಂಬತ್ತು ವಾರದೊಳಗಿನ ಬಸಿರಾದರೆ ನೂರಕ್ಕೆ ತೊಂಬತ್ತೈದು ಮಂದಿಗೆ ಇಷ್ಟರಲ್ಲೇ ಮುಗಿಯುತ್ತದೆ. ನಮ್ಮ ದೇಶದಲ್ಲಿ 2002ರಿಂದ ಈ ಔಷಧಕ್ಕೆ ಅನುಮತಿ ಇದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂಬ ನಿಯಮವೂ ಇದೆ.

ನಿಯಮ ಹಾಗಿದ್ದರೂ ನಡೆಯುವುದು ಬೇರೆ. ಗಟ್‌ಮಾಕರ್ ಸಂಸ್ಥೆ ಮತ್ತು ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಸೇರಿ ನಡೆಸಿದ ಅಧ್ಯಯನದ ಅಂದಾಜಿನಂತೆ, 2015ರಲ್ಲಿ ಭಾರತದಲ್ಲಿ ಆದ ಗರ್ಭಪಾತಗಳು ಸುಮಾರು 1 ಕೋಟಿ 56 ಲಕ್ಷ. ಅದರಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ, ಗುಳಿಗೆಯಿಂದಲೇ ಆದವು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಪಾತ ಆದವರ ಪೈಕಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಮನೆಯಲ್ಲಿ ತಾವೇ ಮಾಡಿಕೊಂಡೆವು ಎಂದು ಹೇಳಿದ್ದಾರೆ.

ಈ ಅಂಕಿಗಳ ಹಿಂದಿನ ಒಂದು ರಾತ್ರಿ ಹೇಗಿರುತ್ತದೆ ಎಂದು ಯೋಚಿಸಿ. ಮುಟ್ಟು ನಿಂತು ಆರು ವಾರ ಆಗಿದೆ. ಮೆಡಿಕಲ್ ಶಾಪಿಗೆ ಹೋದವನು ಗಂಡ. ಗುಳಿಗೆ ನುಂಗುವವಳನ್ನು ಅಂಗಡಿಯವನು ನೋಡಿಯೇ ಇಲ್ಲ. ‘ಇವತ್ತೊಂದು, ನಾಡಿದ್ದು ನಾಕು’ ಎಂದು ಕಾಗದದಲ್ಲಿ ಸುತ್ತಿ ಕೊಟ್ಟ. ಅವಳ ರಕ್ತದ ಗುಂಪು ಯಾವುದು, ನೆಗೆಟಿವ್ ಇದ್ದರೆ ಏನು ಮಾಡಬೇಕು, ಬಸಿರು ಗರ್ಭಕೋಶದಲ್ಲೇ ಇದೆಯೋ ನಾಳದಲ್ಲಿ ಸಿಕ್ಕಿಕೊಂಡಿದೆಯೋ, ಮೈಯಲ್ಲಿ ರಕ್ತ ಎಷ್ಟಿದೆ, ಯಾರೂ ಕೇಳಲಿಲ್ಲ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ನಾಡಿದ್ದು ರಾತ್ರಿ ಹೊಟ್ಟೆ ನೋವು ಶುರುವಾದಾಗ ಇಷ್ಟು ನೋವು ಇರುತ್ತದೆಂದು ಅವಳಿಗೆ ಗೊತ್ತಿಲ್ಲ. ಗಡ್ಡೆಗಡ್ಡೆಯಾಗಿ ರಕ್ತ ಹೋಗುವಾಗ ಇದು ಸಹಜವೋ ಪ್ರಾಣಕ್ಕೇ ಕುತ್ತೋ ತಿಳಿಯದೆ ಬಚ್ಚಲಲ್ಲಿ ಕೂತಿದ್ದಾಳೆ. ಹೊರಗಿನಿಂದ ಅತ್ತೆ ಕರೆದರೆ ‘ಮುಟ್ಟು ಜಾಸ್ತಿ ಆಗೈತೆ’ ಎನ್ನುತ್ತಾಳೆ. ಬೆಳಿಗ್ಗೆ ಎದ್ದು ಮಕ್ಕಳಿಗೆ ಡಬ್ಬಿ ಕಟ್ಟಬೇಕು.

ಗುಳಿಗೆಯನ್ನು ದೂರಲು ಇದನ್ನು ಹೇಳುತ್ತಿಲ್ಲ. ಅದು ಹೆಣ್ಣುಮಕ್ಕಳ ಪ್ರಾಣ ಉಳಿಸಿದ ಔಷಧ. ಎಕ್ಕದ ಕಡ್ಡಿ ತೂರಿಸಿಕೊಂಡು ನಂಜೇರಿ ಸತ್ತವರ ಕಾಲವನ್ನು ನಮ್ಮ ಅಜ್ಜಿಯರು ಕಂಡಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಈ ಔಷಧಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಸರಿಯಾದ ಮಾಹಿತಿ ಇದ್ದು, ಬೇಕೆಂದಾಗ ಆಸ್ಪತ್ರೆಯ ಆಸರೆಯೂ ಸಿಗುವಂತಿದ್ದರೆ 12 ವಾರದೊಳಗೆ ಮನೆಯಲ್ಲೇ ಗುಳಿಗೆ ತೆಗೆದುಕೊಳ್ಳುವುದು ಸುರಕ್ಷಿತ ಎಂದು 2022ರ ತನ್ನ ಮಾರ್ಗಸೂಚಿಯಲ್ಲಿ ಹೇಳಿತು. ಮಾಹಿತಿ ಮತ್ತು ಆಸರೆ, ಈ ಎರಡನ್ನು ತೆಗೆದುಬಿಟ್ಟು ಬರೀ ಗುಳಿಗೆಯನ್ನಷ್ಟೇ ನಾವು ಅವಳ ಕೈಗೆ ಕೊಟ್ಟಿದ್ದೇವೆ. ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆದು, ಅದು ಎರಡು ಗಂಟೆ ಹಾಗೇ ಮುಂದುವರಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷದ ಮಾತು ಸಿಗದೆ ಅವಳು ರಾತ್ರಿಯಿಡೀ ಸಾವಿನ ಭಯದಲ್ಲಿ ಕೂರುತ್ತಾಳೆ. ಆಮೇಲೆ ವರ್ಷಗಟ್ಟಲೆ ಕಾಡುವುದು ಬಹಳಷ್ಟು ಸಲ ಆ ಭಯ ಮತ್ತು ಆ ಒಂಟಿತನ.

ಕಾನೂನು ಮನಸ್ಸನ್ನು ಕೇಳುತ್ತದೆ, ಒಂದೇ ಸಲ

ಶಾಂತಿಲಾಲ್ ಶಾ ಸಮಿತಿಯ ವರದಿಯ ಮೇಲೆ ರೂಪುಗೊಂಡ ವೈದ್ಯಕೀಯ ಗರ್ಭಪಾತ ಕಾಯ್ದೆ 1971ರಲ್ಲಿ ಬಂತು, 1972ರ ಏಪ್ರಿಲ್ 1ರಿಂದ ಜಾರಿಯಾಯಿತು. ಅನೇಕ ಶ್ರೀಮಂತ ದೇಶಗಳಿಗಿಂತ ಮೊದಲೇ ನಮ್ಮಲ್ಲಿ ಇಂಥ ಕಾನೂನು ಬಂತೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಆ ಕಾಯ್ದೆಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಅದು ಮುಖ್ಯವಾಗಿ ರಕ್ಷಣೆ ಕೊಡುವುದು ವೈದ್ಯರಿಗೆ. ಗರ್ಭಪಾತ ಮಾಡಿಸುವುದು ದಂಡ ಸಂಹಿತೆಯ ಪ್ರಕಾರ ಅಪರಾಧ, ನೋಂದಾಯಿತ ವೈದ್ಯರು ಈ ಈ ಷರತ್ತುಗಳ ಒಳಗೆ ಮಾಡಿದರೆ ಮಾತ್ರ ಅಪರಾಧವಲ್ಲ ಎನ್ನುತ್ತದೆ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 88ನೇ ಸೆಕ್ಷನ್ನಿನಲ್ಲೂ ಅದೇ ಹಳೆಯ ಮಾತು ಉಳಿದಿದೆ. ತನ್ನ ಬಸಿರನ್ನು ತಾನೇ ಇಳಿಸಿಕೊಂಡ ಹೆಂಗಸೂ ಆ ಅಪರಾಧದ ವ್ಯಾಪ್ತಿಗೆ ಬರುತ್ತಾಳೆ ಎಂಬ ವಿವರಣೆ ಅದರಲ್ಲಿದೆ. ಬಚ್ಚಲಲ್ಲಿ ಕೂತಿದ್ದಾಳಲ್ಲ, ಕಾನೂನಿನ ಕಟ್ಟುನಿಟ್ಟಿನ ಓದಿನಲ್ಲಿ ಅವಳು ತಪ್ಪಿತಸ್ಥೆ.

1971ರ ಕಾಯ್ದೆಯಲ್ಲಿ ನನಗೆ ಯಾವಾಗಲೂ ಎದ್ದು ಕಾಣುವ ಭಾಗ ಇನ್ನೊಂದಿದೆ. ಬಸಿರು ಮುಂದುವರಿದರೆ ಹೆಣ್ಣಿನ ದೈಹಿಕ ಅಥವಾ ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿ ಆಗುವಂತಿದ್ದರೆ ಅದನ್ನು ತೆಗೆಯಬಹುದು. ಗರ್ಭನಿರೋಧಕ ಕೈಕೊಟ್ಟು ಬಸಿರಾದರೆ, ಆ ಬಸಿರು ತರುವ ಮನೋವೇದನೆಯನ್ನೇ ತೀವ್ರ ಹಾನಿ ಎಂದು ಭಾವಿಸಬಹುದು. ನಮ್ಮ ನಾಡಿನ ಲಕ್ಷಾಂತರ ಹೆಂಗಸರು ಕಾನೂನಿನ ಒಳಗೆ ಬರುವುದು ಮನೋವೇದನೆ ಎಂಬ ಈ ಬಾಗಿಲಿನಿಂದಲೇ. ಅರ್ಜಿಯಲ್ಲಿ ಮನಸ್ಸಿಗೆ ಜಾಗವಿದೆ. ಒಳಗೆ ಹೋದ ಮೇಲೆ, ಮಂಚದ ಮೇಲೆ ಮಲಗಿದ ಮೇಲೆ, ಮನೆಗೆ ಬಂದ ಮೇಲೆ ಆ ಮನಸ್ಸಿನ ಸುದ್ದಿಗೆ ಯಾರೂ ಬರುವುದಿಲ್ಲ. ಆರೋಗ್ಯ ಇಲಾಖೆಯ ತರಬೇತಿ ಕೈಪಿಡಿಗಳಲ್ಲಿ ಆಪ್ತಸಮಾಲೋಚನೆಗೆ ಒಂದು ಅಧ್ಯಾಯವೇ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಅಧ್ಯಾಯವನ್ನು ಓದಿ ಹೇಳುವವರು ಯಾರು?

2021ರ ತಿದ್ದುಪಡಿ ಕೆಲವು ಒಳ್ಳೆಯ ಕೆಲಸ ಮಾಡಿತು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು ಎಂದಿತು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತ ವಯಸ್ಕರು, ಬಸಿರಿದ್ದಾಗಲೇ ವಿಧವೆಯಾದವರು ಅಥವಾ ವಿಚ್ಛೇದನ ಆದವರು, ಅಂಗವಿಕಲರು ಮೊದಲಾದವರಿಗೆ 24 ವಾರದವರೆಗೆ ಅವಕಾಶ ಕೊಟ್ಟಿತು. ‘ವಿವಾಹಿತ ಸ್ತ್ರೀ ಅಥವಾ ಆಕೆಯ ಗಂಡ’ ಎಂದಿದ್ದಲ್ಲಿ ‘ಯಾವುದೇ ಸ್ತ್ರೀ ಅಥವಾ ಆಕೆಯ ಸಂಗಾತಿ’ ಎಂದು ಬರೆಯಿತು. ಗುಟ್ಟು ರಟ್ಟು ಮಾಡಿದವರಿಗೆ ಒಂದು ವರ್ಷದವರೆಗೆ ಸಜೆ ಎಂದಿತು. ಮರುವರ್ಷ, 2022ರ ಸೆಪ್ಟೆಂಬರ್ 29ರಂದು, ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಮದುವೆಯಾಗದ ಹೆಣ್ಣಿಗೂ 24 ವಾರದ ಅದೇ ಹಕ್ಕಿದೆ ಎಂದು ತೀರ್ಪು ಕೊಟ್ಟಿತು. ನಮ್ಮ ಕೊಡಗಿನ ಎ.ಎಸ್. ಬೋಪಣ್ಣ ಆ ಪೀಠದಲ್ಲಿದ್ದರು. ಈ ಕಾಯ್ದೆಯ ಮಟ್ಟಿಗೆ ಗಂಡನ ಬಲವಂತವೂ ಅತ್ಯಾಚಾರವೇ ಎಂದು ಹೇಳಿದ್ದು ಅದೇ ತೀರ್ಪು.

‘ಗಂಡ ಬಂದಿದಾನೇನಮ್ಮ?’

ಆ ತೀರ್ಪು ದೆಹಲಿಯಿಂದ ಹೊರಟು ನಮ್ಮ ಆಸ್ಪತ್ರೆಗಳ ಚೀಟಿ ಕೌಂಟರನ್ನು ಇನ್ನೂ ತಲುಪಿಲ್ಲ. ಅಲ್ಲಿ ಕೇಳುವ ಮೊದಲ ಪ್ರಶ್ನೆಯೇ ‘ಗಂಡ ಬಂದಿದಾನೇನಮ್ಮ?’ ಧಾರವಾಡದ ಕಡೆಗಾದರೆ ‘ಮನ್ಯಾಗ ಹೇಳಿ ಬಂದೀ ಏನವಾ?’ 18 ತುಂಬಿದ ಹೆಣ್ಣಿಗೆ ಅವಳದೊಂದೇ ಸಹಿ ಸಾಕು. ಗಂಡನದ್ದಾಗಲೀ ಅಪ್ಪನದ್ದಾಗಲೀ ಅತ್ತೆಯದ್ದಾಗಲೀ ಬೇಕಿಲ್ಲ. ತನ್ನ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸಿದರು ಎಂದು ಹೆಂಡತಿ ಮತ್ತು ವೈದ್ಯರ ಮೇಲೆ ದಾವೆ ಹೂಡಿದ್ದ ಗಂಡನೊಬ್ಬನ ಮೇಲ್ಮನವಿಯನ್ನು 2017ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ. ಆದರೂ ಸಹಿ ಕೇಳುತ್ತಾರೆ. ನಾಳೆ ಗಂಡನ ಕಡೆಯವರು ಬಂದು ಗಲಾಟೆ ಮಾಡಿದರೆ ಎಂಬ ಅಂಜಿಕೆ ವೈದ್ಯರದು. ಆ ಅಂಜಿಕೆ ಸುಳ್ಳೆಂದು ಹೇಳಲಾರೆ. ಆದರೆ ಅದರ ಬೆಲೆಯನ್ನು ಅವಳು ಯಾಕೆ ತೆರಬೇಕು? ಕುಡಿದು ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದವಳನ್ನು ಅವನ ಸಹಿ ತರಲು ವಾಪಸ್ ಕಳಿಸುವುದು ಎಂಥ ಚಿಕಿತ್ಸೆ?

ಅವಳು ವಾಪಸ್ ಹೋದರೆ ಒಂದು ವಾರ ಹೋಗುತ್ತದೆ. ಸ್ತ್ರೀರೋಗ ತಜ್ಞರು ರಜೆಯಾದರೆ ಇನ್ನೊಂದು ವಾರ. ಸ್ಕ್ಯಾನಿಂಗ್ ಹೊರಗೆ ಮಾಡಿಸಿ ಬಾ ಎಂದರೆ ದುಡ್ಡು ಹೊಂದಿಸಲು ಮತ್ತೊಂದು. ಬಸಿರಿನ ವಿಷಯದಲ್ಲಿ ವಾರ ಎಂದರೆ ಬರೀ ಏಳು ದಿನವಲ್ಲ. ಒಂಬತ್ತು ವಾರ ದಾಟಿತೆಂದರೆ ನಮ್ಮ ನಿಯಮದಂತೆ ಗುಳಿಗೆಯ ದಾರಿ ಮುಚ್ಚಿತು. ಹನ್ನೆರಡು ದಾಟಿತೆಂದರೆ, ಕೈಯಿಂದ ನಡೆಸುವ ಸಿರಿಂಜಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವ ಸರಳ ವಿಧಾನವೂ ಕೈತಪ್ಪುತ್ತದೆ. ಆಮೇಲೆ ನೋವು ಬರಿಸಿ ಹೆರಿಗೆಯಂತೆಯೇ ಮಾಡಿಸಬೇಕು. ರಾಯಚೂರು, ಯಾದಗಿರಿಯ ಹಳ್ಳಿಯವಳಿಗೂ ಬೆಂಗಳೂರಿನ ಖಾಸಗಿ ಆಸ್ಪತ್ರೆಗೆ ಹೋಗಬಲ್ಲವಳಿಗೂ ಇರುವ ವ್ಯತ್ಯಾಸ ಈ ವಾರಗಳಲ್ಲೇ ಇದೆ.

ಮದುವೆಯಾಗದವರ ಪಾಡು ಬೇರೆ. ಗೆಳತಿಯ ಕಾಲುಂಗುರ ಎರವಲು ತೊಟ್ಟು, ಕತ್ತಿಗೊಂದು ಕರಿಮಣಿ ಹಾಕಿಕೊಂಡು, ಸುಳ್ಳು ಹೆಸರು ಬರೆಸಿ ಕೂರುವ ಹುಡುಗಿಯರ ವಿಷಯ ಯಾವ ನರ್ಸನ್ನು ಕೇಳಿದರೂ ಹೇಳುತ್ತಾರೆ. ಹದಿನೆಂಟು ತುಂಬದವಳಾದರೆ ಪೋಕ್ಸೊ ಕಾಯ್ದೆಯಡಿ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಇದು ಮಕ್ಕಳ ರಕ್ಷಣೆಗೆಂದೇ ಬಂದ ನಿಯಮ. ಆದರೆ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21ರಷ್ಟು ಮಂದಿಗೆ ಹದಿನೆಂಟರೊಳಗೇ ಮದುವೆಯಾದ ರಾಜ್ಯ ನಮ್ಮದು. ಇಲ್ಲಿ ಆ ನಿಯಮಕ್ಕೆ ಹೆದರಿ ಅಮ್ಮಂದಿರು ಮಗಳನ್ನು ಆಸ್ಪತ್ರೆಗೆ ಕರೆತರುವ ಬದಲು ನಾಟಿ ಔಷಧದವರ ಬಳಿ ಒಯ್ಯುತ್ತಾರೆ. ಹುಡುಗಿ ಮತ್ತು ಪೋಷಕರು ಬೇಡವೆಂದರೆ ವರದಿಯಲ್ಲಿ ಅವಳ ಹೆಸರು, ಗುರುತು ಕೊಡಬೇಕಿಲ್ಲ ಎಂದು ಅದೇ 2022ರ ತೀರ್ಪು ಹೇಳಿದೆ. ಇದನ್ನು ಎಷ್ಟು ಠಾಣೆಗಳಲ್ಲಿ ಓದಿದ್ದಾರೆ, ಎಷ್ಟು ಆಸ್ಪತ್ರೆಗಳ ಗೋಡೆಯ ಮೇಲೆ ಅಂಟಿಸಿದ್ದಾರೆ?

ಎರಡು ಮಕ್ಕಳ ತಾಯಿಗೆ ಇನ್ನೊಂದು ಷರತ್ತು ಕಾದಿರುತ್ತದೆ. ‘ತೆಗೀಬೇಕಂದ್ರೆ ಆಪರೇಷನ್ನೂ ಮಾಡಿಸ್ಕೋಬೇಕು. ಇಲ್ಲಾಂದ್ರೆ ವಂಕಿ ಹಾಕಿಸ್ಕೊ.’ ಕಾಯ್ದೆಯಲ್ಲಿ ಇಂಥ ಷರತ್ತೇ ಇಲ್ಲ. ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರಿ ಗರ್ಭನಿರೋಧಕ ಕ್ಲಿನಿಕ್ ತೆರೆದಾಗ ಅಂಥದ್ದು ಜಗತ್ತಿನಲ್ಲೇ ಮೊದಲನೆಯದಾಗಿತ್ತು. ತೊಂಬತ್ತು ವರ್ಷ ದಾಟಿದ ಮೇಲೂ ಗರ್ಭನಿರೋಧದ ಭಾರ ಒಂದೇ ಕಡೆ ಬಿದ್ದಿದೆ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಗಂಡಸರ ಪಾಲು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಬಸಿರು ತಡೆಯುವ ಹೊಣೆ ಅವಳದು, ತಡೆಯಲಾಗದಿದ್ದರೆ ಮಂಚದ ಮೇಲೆ ‘ಮಾಡ್ಕೊಳ್ಳೋವಾಗ ಗೊತ್ತಿರ್ಲಿಲ್ವಾ?’ ಎಂಬ ಮಾತನ್ನು ಕೇಳಬೇಕಾದವಳೂ ಅವಳೇ. ಆ ಮಾತು ಆಡಿದ ಸಿಬ್ಬಂದಿ ಸಂಜೆಗೆ ಮರೆತಿರುತ್ತಾರೆ. ಕೇಳಿದವಳು ಮರೆಯುವುದಿಲ್ಲ. ನೋವು ಕಡಿಮೆ ಮಾಡುವ ಔಷಧ ಕೊಡುವುದನ್ನು ಕೆಲವೆಡೆ ಉಪಕಾರದಂತೆ ನೋಡುತ್ತಾರೆ. ಎಲ್ಲರಿಗೂ ಕೊಡಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಹಳೆಯ ಕಾಲದ ಕೆರೆದು ತೆಗೆಯುವ ವಿಧಾನವನ್ನು ಬಿಟ್ಟುಬಿಡಿ ಎಂದೂ ಅದು ಹೇಳಿ ಬಹಳ ವರ್ಷವಾಯಿತು. ಕೆರೆಯುವುದು ಇನ್ನೂ ನಿಂತಿಲ್ಲ.

ಅವಳಿಗೆ ಏನನ್ನಿಸುತ್ತದೆ?

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಒಬ್ಬರು, ಅವಳು ಜೀವಮಾನವಿಡೀ ಕೊರಗುತ್ತಾಳೆ ಎನ್ನುತ್ತಾರೆ. ಇನ್ನೊಬ್ಬರು, ಹಲ್ಲು ಕೀಳಿಸಿದ ಹಾಗೆ, ಏನೂ ಆಗುವುದಿಲ್ಲ ಎನ್ನುತ್ತಾರೆ. ಎರಡೂ ಅವಳನ್ನು ಕೇಳದೆ ಹೇಳಿದ ಉತ್ತರಗಳು.

ಕೇಳಿ ನೋಡಿದವರಲ್ಲಿ ಅಮೆರಿಕದ ಡಯಾನಾ ಗ್ರೀನ್ ಫಾಸ್ಟರ್ ಮುಖ್ಯರು. ಮೂವತ್ತು ಕ್ಲಿನಿಕ್‌ಗಳಿಗೆ ಬಂದಿದ್ದ ಸುಮಾರು ಸಾವಿರ ಹೆಂಗಸರನ್ನು ಅವರ ತಂಡ ಐದು ವರ್ಷ ಬೆನ್ನುಬಿಡದೆ ಮಾತಾಡಿಸಿತು. ಕೆಲವರಿಗೆ ಗರ್ಭಪಾತ ಆಗಿತ್ತು, ಕೆಲವರನ್ನು ಅವಧಿ ಮೀರಿತೆಂದು ವಾಪಸ್ ಕಳಿಸಲಾಗಿತ್ತು. ಗರ್ಭಪಾತ ಆದವರಲ್ಲಿ ಶೇ 95ಕ್ಕಿಂತ ಹೆಚ್ಚು ಮಂದಿ ಐದು ವರ್ಷದ ನಂತರವೂ ತಮ್ಮ ನಿರ್ಧಾರ ಸರಿಯೆಂದೇ ಹೇಳಿದರು. ಹೆಚ್ಚು ಮಂದಿ ಹೇಳಿಕೊಂಡ ಭಾವ ನಿರಾಳ. ದುಃಖ, ತಪ್ಪಿತಸ್ಥ ಭಾವ ಇದ್ದವರಲ್ಲೂ ಅದು ಕಾಲ ಕಳೆದಂತೆ ಕರಗಿತು. ಮೊದಮೊದಲು ಹೆಚ್ಚು ಆತಂಕ ಕಂಡದ್ದು ವಾಪಸ್ ಹೋದವರಲ್ಲಿ. ಇನ್ನೊಂದು ವಿಷಯವೂ ಅಲ್ಲಿ ಹೊರಬಿತ್ತು. ಊರವರಿಗೆ ತಿಳಿದರೆ ತನ್ನನ್ನು ಕೀಳಾಗಿ ಕಾಣುತ್ತಾರೆ ಎಂದು ಅಂಜಿದವರಲ್ಲಿ ಮನಸ್ಸಿನ ಸಂಕಟ ವರ್ಷಗಳ ನಂತರವೂ ಹೆಚ್ಚಿತ್ತು.

ಅದು ಅಮೆರಿಕದ ಮಾತು, ನಮ್ಮ ಹೆಂಗಸರ ಬದುಕು ಬೇರೆ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಕಳಂಕದ ಅಂಜಿಕೆ ಎಂಥದ್ದೆಂದು ಅಮೆರಿಕದಿಂದ ಕಲಿಯಬೇಕಾದವರು ನಾವಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’ದ ಯಮುನಕ್ಕ ನಮಗೆ ಗೊತ್ತು. ಎಳೆಯ ವಿಧವೆ ಬಸಿರಾಗುತ್ತಾಳೆ. ಬಸಿರು ಹೋದ ಮೇಲೂ ಅವಳಿಗೆ ಬಿಡುಗಡೆ ಇಲ್ಲ. ಹೆತ್ತ ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾನೆ. ಗಿರೀಶ ಕಾಸರವಳ್ಳಿ 1977ರಲ್ಲಿ ಅದನ್ನು ಸಿನಿಮಾ ಮಾಡಿ ಸ್ವರ್ಣಕಮಲ ತಂದರು. ಯಮುನಕ್ಕನನ್ನು ಕೊಂದು ತಿಂದದ್ದು ಬಸಿರು ಹೋದದ್ದೋ, ಅಗ್ರಹಾರದ ಕಣ್ಣೋ? ಕಥೆ ಓದಿದ ಯಾವ ಕನ್ನಡಿಗನಿಗೂ ಉತ್ತರ ಗೊತ್ತು.

ಇಂದಿನ ಹೆಣ್ಣಿಗೆ ಒಂದೇ ಹೊತ್ತಿನಲ್ಲಿ ನಿರಾಳವೂ ಅಳುವೂ ಬರಬಹುದು. ಮೂರನೆಯ ಮಗುವನ್ನು ಸಾಕಲು ಆಗುವುದಿಲ್ಲ ಎಂದು ಗಟ್ಟಿ ಮನಸ್ಸಿನಿಂದ ಬಂದವಳು, ಹೆರುವ ದಿನ ಎಂದಿತ್ತೋ ಆ ತಿಂಗಳು ಬಂದಾಗ ಸುಮ್ಮನೆ ಕೂತುಬಿಡಬಹುದು. ಅಳು ಬಂದಿತೆಂದರೆ ನಿರ್ಧಾರ ತಪ್ಪಾಯಿತು ಎಂದರ್ಥವಲ್ಲ. ಅಳು ಬಾರದಿದ್ದರೆ ಅವಳು ಕಲ್ಲೆದೆಯವಳೂ ಅಲ್ಲ. ಇಷ್ಟನ್ನು ಅವಳಿಗೆ ಮೊದಲೇ ಹೇಳುವವರೊಬ್ಬರು ಇದ್ದರೆ, ತನ್ನ ಮನಸ್ಸಿನಲ್ಲಿ ಆಗುತ್ತಿರುವುದು ಹುಚ್ಚಲ್ಲ ಎಂದು ಅವಳಿಗೆ ತಿಳಿಯುತ್ತದೆ.

ಬೇಕಿದ್ದ ಮಗು

ಬೇಕೆಂದೇ ಬಸಿರಾಗಿ, ಹೆಸರೂ ಹುಡುಕಿ, ಕೊನೆಗೆ ತೆಗೆಸಬೇಕಾಗಿ ಬಂದವರ ಸಂಕಟಕ್ಕೆ ಹೆಚ್ಚು ಜಾಗ ಕೊಡಬೇಕು. ಹದಿನೆಂಟು ಇಪ್ಪತ್ತು ವಾರಕ್ಕೆ ಅನಾಮಲಿ ಸ್ಕ್ಯಾನ್ ಮಾಡುತ್ತಾರೆ. ಗಂಡ ಹೆಂಡತಿ ಖುಷಿಯಿಂದ ಹೋಗಿರುತ್ತಾರೆ. ಪರದೆ ನೋಡುತ್ತಿದ್ದ ವೈದ್ಯರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತಾರೆ. ತಲೆಬುರುಡೆ ಬೆಳೆದಿಲ್ಲ, ಹೃದಯದ ಕೋಣೆಗಳು ಸರಿಯಿಲ್ಲ, ಮೂತ್ರಪಿಂಡವೇ ಇಲ್ಲ. ಹಳೆಯ ಕಾಯ್ದೆಯಲ್ಲಿ 20 ವಾರಕ್ಕೆ ಬಾಗಿಲು ಮುಚ್ಚುತ್ತಿತ್ತು. ಎಂದರೆ ಸುದ್ದಿ ಕೇಳಿದ ವಾರವೇ ಗಡುವೂ ಮುಗಿಯುತ್ತಿತ್ತು. 2008ರಲ್ಲಿ ಮುಂಬೈನ ನಿಕೇತಾ ಮೆಹ್ತಾ ಮಗುವಿನ ಹೃದಯದ ತೊಂದರೆ ತಿಳಿದು 24ನೇ ವಾರದ ಹೊತ್ತಿಗೆ ಬಾಂಬೆ ಹೈಕೋರ್ಟಿಗೆ ಹೋದರು. ಕೋರ್ಟ್ ಒಪ್ಪಲಿಲ್ಲ. ಸ್ವಲ್ಪ ದಿನಕ್ಕೆ ಬಸಿರು ತಾನಾಗಿ ಹೋಯಿತು. ಆ ಮೊಕದ್ದಮೆ ಎತ್ತಿದ ಪ್ರಶ್ನೆಗೆ ಸಂಸತ್ತು ಉತ್ತರಿಸಲು ಹದಿಮೂರು ವರ್ಷ ಬೇಕಾಯಿತು. ಈಗ ತೀವ್ರ ಊನ ಇದ್ದರೆ 24 ವಾರದ ನಂತರವೂ ವೈದ್ಯಕೀಯ ಮಂಡಳಿ ಅನುಮತಿ ಕೊಡಬಹುದು. ಮೂರು ದಿನದೊಳಗೆ ಮಂಡಳಿ ಅಭಿಪ್ರಾಯ ಹೇಳಬೇಕು, ಅರ್ಜಿ ಬಂದ ಐದು ದಿನದೊಳಗೆ ಚಿಕಿತ್ಸೆ ಮುಗಿಯಬೇಕು ಎಂದು ನಿಯಮವಿದೆ.

ಇಂಥ ತಾಯಿಯನ್ನು ಎಲ್ಲಿ ಮಲಗಿಸುತ್ತೇವೆ? ಹೆರಿಗೆ ವಾರ್ಡಿನಲ್ಲೇ. ಎಡಕ್ಕೊಂದು ಕೂಸು ಅಳುತ್ತದೆ, ಬಲಕ್ಕೆ ಬಾಣಂತಿಯನ್ನು ನೋಡಲು ಬಂದವರು ಸಿಹಿ ಹಂಚುತ್ತಾರೆ. ಅವಳಿಗೂ ನೋವು ಬರಿಸಿ ಹೆರಿಸುತ್ತಾರೆ, ಬರಿಗೈಯಲ್ಲಿ ಮನೆಗೆ ಕಳಿಸುತ್ತಾರೆ. ಮಗುವಿನ ಮುಖ ನೋಡಬೇಕೇ ಎಂದು ಕೆಲವರನ್ನು ಕೇಳುವುದೇ ಇಲ್ಲ, ಕೆಲವರಿಗೆ ಕೇಳದೆ ತೋರಿಸುತ್ತಾರೆ. ಎರಡೂ ತಪ್ಪು. ಆಯ್ಕೆ ಅವಳದು, ಅದಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಮನೆಗೆ ಹೋಗಿ ಮೂರ್ನಾಲ್ಕು ದಿನಕ್ಕೆ ಎದೆ ಕಲ್ಲಾಗಿ ಹಾಲು ಸುರಿಯಲು ತೊಡಗುತ್ತದೆ. ಹದಿನಾರು ಹದಿನೆಂಟು ವಾರ ದಾಟಿದ ಬಸಿರು ಹೋದರೆ ಹೀಗಾಗಬಹುದು ಎಂದು ಯಾವ ವೈದ್ಯರಿಗೆ ಗೊತ್ತಿಲ್ಲ? ಹಾಲು ನಿಲ್ಲಿಸುವ ಗುಳಿಗೆಯೂ ಇದೆ. ಆದರೆ ಡಿಸ್‌ಚಾರ್ಜ್ ಚೀಟಿಯಲ್ಲಿ ಅದನ್ನು ಬರೆಯಲು, ಹೀಗಾಗಬಹುದು ಎಂದು ಒಂದು ಮಾತು ಹೇಳಲು ಬಹಳ ಕಡೆ ಮರೆತುಬಿಡುತ್ತಾರೆ. ರಾತ್ರಿ ಸೆರಗು ಒದ್ದೆಯಾದಾಗ ಆ ಹೆಣ್ಣಿಗೆ ಏನಾಗುತ್ತದೆ ಎಂದು ಬರೆಯಲು ನನ್ನಿಂದ ಸಾಧ್ಯವಿಲ್ಲ. ಬಂಧುಗಳಂತೂ ‘ಆಯ್ತು ಬಿಡು, ಇನ್ನೊಂದಾಗತ್ತೆ’ ಎಂದು ಮುಗಿಸಿಬಿಡುತ್ತಾರೆ. ಸತ್ತವರಿಗೆ ಸೂತಕ, ಹುಟ್ಟಿದವರಿಗೆ ಪುರುಡು ಎಂದು ದಿನ ಎಣಿಸುವ ನಮ್ಮ ಮನೆಗಳಲ್ಲಿ ಈ ದುಃಖಕ್ಕೆ ಮಾತ್ರ ದಿನಗಳೇ ಇಲ್ಲ.

ಮನಸ್ಸೇ ಕಾರಣವಾದಾಗ

2023ರ ಅಕ್ಟೋಬರಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು ಸುಪ್ರೀಂ ಕೋರ್ಟಿಗೆ ಬಂದಳು. ವಯಸ್ಸು 27. ಎರಡನೆಯ ಹೆರಿಗೆಯ ನಂತರ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದಳು. ಮಗುವಿಗೆ ಹಾಲೂಡಿಸುವಾಗ ಮುಟ್ಟು ಬಾರದಿರುವುದು ಸಹಜ, ಹಾಗಾಗಿ ಮತ್ತೆ ಬಸಿರಾದದ್ದು ತಿಳಿಯಲೇ ಇಲ್ಲ. ತಿಳಿದಾಗ ಸುಮಾರು 24 ವಾರ ಆಗಿತ್ತು. ಅಕ್ಟೋಬರ್ 9ರಂದು ಇಬ್ಬರು ನ್ಯಾಯಮೂರ್ತಿಗಳು ಅನುಮತಿ ಕೊಟ್ಟರು. ಮಗು ಬದುಕುವ ಸಾಧ್ಯತೆ ಇದೆ ಎಂದು ವೈದ್ಯಕೀಯ ಮಂಡಳಿಯ ಸದಸ್ಯರೊಬ್ಬರು ಇಮೇಲ್ ಬರೆದ ಮೇಲೆ ವಿಷಯ ಮತ್ತೆ ಎದ್ದಿತು. 11ರಂದು ಆ ಇಬ್ಬರಲ್ಲೇ ಭಿನ್ನಮತ ಬಂತು. ಅವಳ ನಿರ್ಧಾರವನ್ನು ಗೌರವಿಸಬೇಕು, ಮೊದಲ ಆದೇಶವೇ ಸರಿ ಎಂದು ನಿಂತವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು.

26 ವಾರ ದಾಟಿದ ಬಸಿರಿನ ಪ್ರಶ್ನೆ ಸುಲಭದ್ದಲ್ಲ, ಅದನ್ನು ನಾನು ಬಲ್ಲೆ. ಆದರೆ ಆ ವಾರ ವಾದ ಕೇಳುವಾಗ ನನಗೆ ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಮತ್ತೆ ಮತ್ತೆ ಕಣ್ಣಮುಂದೆ ಬಂದಳು. ಹೆರಿಗೆಯ ನಂತರ ಮನಸ್ಸು ಕದಡಿದ ಹೆಣ್ಣನ್ನು ಮನೆಯವರು ಹುಚ್ಚಿ ಎಂದು ಹೇಗೆ ದೂಡುತ್ತಾರೆ ಎಂಬುದನ್ನು ಕನ್ನಡ ಅರುವತ್ತು ವರ್ಷದ ಹಿಂದೆಯೇ ಬರೆದಿಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ವಾರ್ಡ್ ಇದೆ. ಹೆತ್ತವಳಿಗೆ ಮನೋವೈದ್ಯರು ಬೇಕು ಎಂದು ಒಪ್ಪುವ ನಾವು, ಬಸಿರು ತೆಗೆಸಿಕೊಂಡವಳಿಗೂ ಬೇಕಾದೀತು ಎಂದು ಯೋಚಿಸುವುದಿಲ್ಲ.

ಆಲೆಮನೆಯ ನೆರಳು

2023ರ ನವೆಂಬರಿನಲ್ಲಿ ಮಂಡ್ಯದ ಸುದ್ದಿ ಬಂತು. ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು, ಹೆಣ್ಣೆಂದು ತಿಳಿದರೆ ಮೈಸೂರಿಗೆ ಒಯ್ದು ಬಸಿರು ತೆಗೆಸುತ್ತಿದ್ದ ಜಾಲ ಅದು. 2017ರಲ್ಲಿ ಗಡಿಯಾಚೆಯ ಮ್ಹೈಸಾಳದಲ್ಲಿ 19 ಹೆಣ್ಣು ಭ್ರೂಣಗಳು ಸಿಕ್ಕಾಗಲೂ ಅದರ ಬೇರು ನಮ್ಮ ಬೆಳಗಾವಿ ಕಡೆಗೂ ಚಾಚಿತ್ತು. ಆ ಜಾಲದವರಿಗೆ ಶಿಕ್ಷೆಯಾಗಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆಲೆಮನೆಗೆ ಕರೆದೊಯ್ದ ಹೆಣ್ಣುಮಗಳನ್ನು ಯಾರಾದರೂ ನೆನೆದರೇ? ಒಂದೋ ಎರಡೋ ಹೆಣ್ಣು ಹೆತ್ತಿದ್ದಾಳೆ. ಗಂಡು ಬೇಕೆಂದವರು ಮನೆಯವರು, ಕಾರು ಹತ್ತಿಸಿದವರೂ ಅವರೇ. ಇಂಥವಳಿಗೆ ಅದು ಆಯ್ಕೆಯಾಗಿರಲಿಲ್ಲ. ಅವಳ ದುಃಖ ದೊಡ್ಡದು, ಬಾಯಿ ಬಿಟ್ಟರೆ ಮನೆಯವರೆಲ್ಲ ಜೈಲಿಗೆ. ಇಂಥ ಪ್ರಕರಣ ಬೆಳಕಿಗೆ ಬಂದಾಗಲೆಲ್ಲ ಅಧಿಕಾರಿಗಳು ಮೆಡಿಕಲ್ ಶಾಪುಗಳ ಮೇಲೆ ಬೀಳುತ್ತಾರೆ, ಅಂಗಡಿಯವರು ತಂಟೆಯೇ ಬೇಡವೆಂದು ಗುಳಿಗೆ ತರಿಸುವುದನ್ನು ನಿಲ್ಲಿಸುತ್ತಾರೆ, ವೈದ್ಯರು ಕೈಚೆಲ್ಲುತ್ತಾರೆ. ಗುಳಿಗೆ ತೆಗೆದುಕೊಳ್ಳುವ ಒಂಬತ್ತು ವಾರದೊಳಗೆ ಸ್ಕ್ಯಾನಿಂಗ್‌ನಲ್ಲಿ ಗಂಡೋ ಹೆಣ್ಣೋ ಕಾಣುವುದೇ ಇಲ್ಲ. ಲಿಂಗ ಪತ್ತೆಗೆ ಒಂದು ಕಾಯ್ದೆ, ಗರ್ಭಪಾತಕ್ಕೆ ಇನ್ನೊಂದು. ಎರಡನ್ನೂ ಕಲಸಿಬಿಟ್ಟ ಕಾರಣಕ್ಕೆ ಪ್ರತಿ ಹೆಣ್ಣನ್ನೂ ಸಂಶಯದ ಕಣ್ಣಿನಲ್ಲಿ ನೋಡುವಂತಾಗಿದೆ.

ಗರ್ಭಪಾತ ಸಿಗದಿದ್ದರೆ ಏನಾಗುತ್ತದೆ ಎಂದು ಕನ್ನಡಿಗರಿಗೆ ಬೇರೆಯವರು ಹೇಳಬೇಕಿಲ್ಲ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 31. 17 ವಾರದ ಬಸಿರು ಉಳಿಯುವುದಿಲ್ಲ ಎಂದು ಗೊತ್ತಿತ್ತು. ತೆಗೆದುಬಿಡಿ ಎಂದು ಕೇಳಿಕೊಂಡರು. ಭ್ರೂಣದ ಹೃದಯ ಬಡಿಯುತ್ತಿದೆ ಎಂದು ವೈದ್ಯರು ಕಾದರು, ನಂಜು ಮೈಗೇರಿತು. ಇದು ಕ್ಯಾಥೊಲಿಕ್ ದೇಶ ಎಂದು ಸವಿತಾ ಅವರಿಗೆ ಹೇಳಿದ್ದಾಗಿ ಅಲ್ಲಿನ ಸೂಲಗಿತ್ತಿಯೇ ವಿಚಾರಣೆಯಲ್ಲಿ ಒಪ್ಪಿಕೊಂಡರು. 2018ರ ಮೇ 25ರಂದು ಐರ್ಲೆಂಡಿನ ಜನ ಶೇ 66ರ ಬಹುಮತದಿಂದ ಸಂವಿಧಾನದಲ್ಲಿದ್ದ ಗರ್ಭಪಾತದ ನಿಷೇಧವನ್ನು ತೆಗೆದರು. ಒಂದು ದೇಶ ಬೆಳಗಾವಿಯ ಮಗಳಿಗಾಗಿ ತನ್ನ ಸಂವಿಧಾನ ಬದಲಿಸಿತು. ಬೆಳಗಾವಿಯ ತಾಲ್ಲೂಕುಗಳಲ್ಲಿ ಇರುವ ಹೆಣ್ಣುಮಕ್ಕಳಿಗಾಗಿ ನಾವು ಚೀಟಿ ಕೌಂಟರಿನ ಒಂದು ಪ್ರಶ್ನೆ ಬದಲಿಸಲು ಆಗದೇ?

ಕೇಳುವುದು ದೊಡ್ಡದೇನಲ್ಲ

ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಬಹುದಾದ ಒಂದು ಕೋಣೆ ಬೇಕು. ಗುಳಿಗೆ ಕೊಡುವಾಗ ಕನ್ನಡದಲ್ಲಿ, ಚಿತ್ರ ಸಹಿತ, ಏನಾಗುತ್ತದೆ ಎಂದು ಬರೆದ ಒಂದು ಹಾಳೆ ಬೇಕು. ಬೇಕಿದ್ದ ಮಗುವನ್ನು ಕಳೆದುಕೊಂಡವಳಿಗೆ ಬಾಣಂತಿಯರಿಂದ ದೂರದ ಒಂದು ಮಂಚ ಬೇಕು. ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಹೋಗುವಂತೆ ಇವಳನ್ನೂ ಹದಿನೈದು ದಿನಕ್ಕೊಮ್ಮೆ, ಗುಟ್ಟು ಬಿಡದೆ, ಕಂಡು ಬರಬೇಕು. ಹೆಸರು, ವಿಳಾಸ ಹೊರಗೆ ಹೋಗದಂತೆ ನೋಡಿಕೊಳ್ಳುವುದು ಕಾನೂನೇ ಹೇಳಿದ ಕರ್ತವ್ಯ.

ರಜೆಯ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಹೆರಿಗೆ ಸೌಲಭ್ಯ ಕಾನೂನಿನ ಪ್ರಕಾರ ಬಸಿರು ತಾನಾಗಿ ಹೋದರೂ ವೈದ್ಯರಿಂದ ತೆಗೆಸಿಕೊಂಡರೂ ಆರು ವಾರ ಸಂಬಳ ಸಹಿತ ರಜೆ ಇದೆ. ಪೀಣ್ಯದ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳು ಜ್ವರವೆಂದು ಸುಳ್ಳು ಹೇಳಿ ಒಂದು ದಿನ ರಜೆ ಹಾಕಿ, ಮರುದಿನ ರಕ್ತ ಹೋಗುತ್ತಿರುವಾಗಲೇ ಟಾರ್ಗೆಟ್ ಮುಗಿಸುತ್ತಾರೆ. ಕಾರ್ಮಿಕ ಸಂಘಗಳು, ಸೂಪರ್‌ವೈಸರುಗಳು, ಮಾಲೀಕರು ಇದನ್ನು ನೋಟಿಸ್ ಬೋರ್ಡಿಗೆ ಹಾಕಲಿ.

ಓದುತ್ತಿರುವ ಅಕ್ಕ ತಂಗಿಯರೇ, ನಿಮಗೆ ಹದಿನೆಂಟು ತುಂಬಿದ್ದರೆ ನಿಮ್ಮ ಸಹಿಯೊಂದೇ ಸಾಕು, ಅದನ್ನು ಧೈರ್ಯವಾಗಿ ಹೇಳಿ. ಓದುತ್ತಿರುವ ಅಣ್ಣ ತಮ್ಮಂದಿರೇ, ಮೆಡಿಕಲ್ ಶಾಪಿಗೆ ಓಡುವ ಮೊದಲು ಅವಳನ್ನು ಒಬ್ಬ ವೈದ್ಯರ ಬಳಿ ಕರೆದೊಯ್ಯಿರಿ, ಆ ರಾತ್ರಿ ಬಚ್ಚಲ ಬಾಗಿಲಲ್ಲಿ ಎಚ್ಚರವಾಗಿರಿ. ಮನಸ್ಸು ತಡೆಯದಾದಾಗ ಮಾತಾಡಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.